ಮೇಲೆ ಇಂಗ್ಲಿಷ್ ಕರಾರು, ಕೆಳಗೆ ಕನ್ನಡದ ಸಹಿ

ಪ್ರತಿ ಸಲ ಇಲ್ಲಿ ಬಾಲಭಾರತಿಯ ಕನ್ನಡ ಪುಸ್ತಕ ತಡವಾಯಿತು, ಶಿಕ್ಷಕರ ಜಾಗ ತುಂಬಲಿಲ್ಲ ಅಂತ ಗೋಳು ತೋಡಿಕೊಳ್ಳುತ್ತೇವೆ. ಈ ಸಲ ಬೇರೆ ವಿಷಯ. ಸಿಟ್ಟು ಬಂದಿದೆ, ಅದಕ್ಕೇ ಬರೆಯುತ್ತಿದ್ದೇವೆ. ಮಾತು ತುಸು ಖಾರವಾದರೆ ಓದುಗರು ಮನ್ನಿಸಬೇಕು.

ಅಕ್ಕಲಕೋಟ ತಾಲೂಕಿನ ನಮ್ಮ ಶಾಲೆಯಲ್ಲಿ ಏಳನೇ ಇಯತ್ತೆಯ ಒಬ್ಬ ಹುಡುಗಿ ಇದ್ದಾಳೆ. ಸಣ್ಣವಳಿದ್ದಾಗ ಚಿಮಣಿ ಉರುಳಿ ಅಂಗಿಗೆ ಬೆಂಕಿ ಹತ್ತಿತ್ತು. ಗಾಯವೇನೋ ಮಾಯಿತು, ಆದರೆ ಕುತ್ತಿಗೆಯ ಚರ್ಮ ಬಿಗಿದುಕೊಂಡು ಗದ್ದವನ್ನು ಎದೆಯ ಕಡೆಗೆ ಎಳೆದುಬಿಟ್ಟಿತು. ಕರಿಹಲಗೆ ನೋಡಬೇಕೆಂದರೆ ಆಕೆ ಇಡೀ ಮೈಯನ್ನೇ ಹಿಂದಕ್ಕೆ ಬಾಗಿಸಬೇಕಿತ್ತು. ಒಂದು ಶಿಬಿರದಲ್ಲಿ ವೈದ್ಯರೊಬ್ಬರು ನೋಡಿ, ಪುಕ್ಕಟೆ ಪ್ಲಾಸ್ಟಿಕ್ ಸರ್ಜರಿ ಮಾಡುತ್ತೇವೆ ಅಂದರು. ಆಕೆಯ ತಾಯಿ ಗಾಬರಿಯಾಗಿ ಶಾಲೆಗೆ ಓಡಿ ಬಂದರು.

“ಮಾಸ್ತರ್ರ, ನನ್ನ ಮಗಳ ಕುತ್ತಿಗ್ಯಾಗ ಪ್ಲಾಸ್ಟಿಕ್ ಹಾಕ್ತಾರೇನ್ರಿ?”

ನಾವು ನಕ್ಕು ಸಮಾಧಾನ ಹೇಳಿದೆವು. ಇದು ಕೊಡಪಾನದ ಪ್ಲಾಸ್ಟಿಕ್ ಅಲ್ಲ ತಾಯಿ, ಗ್ರೀಕ್ ಭಾಷೆಯಲ್ಲಿ ಆಕಾರ ಕೊಡುವುದು ಅಂತ ಅರ್ಥ, ಮಣ್ಣಿಗೆ ಕುಂಬಾರ ಕೊಟ್ಟ ಹಾಗೆ. ಆಕೆ ಹೋದ ಮೇಲೆ ಕೂಡ ನಮಗೆ ಹೊಳೆಯಲಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಮಾಸ್ತರರಲ್ಲ, ಚಾಕು ಹಿಡಿಯುವವರು.

ಆಪರೇಷನ್ ಚೆನ್ನಾಗಿಯೇ ಆಯಿತು. ಹುಡುಗಿ ತಲೆಯೆತ್ತಿ ಹಲಗೆ ನೋಡಿದ ದಿನ ನಮ್ಮ ಕಣ್ಣಲ್ಲೂ ನೀರು ಬಂತು. ಆದ್ದರಿಂದ ಮೊದಲೇ ಹೇಳಿಬಿಡುತ್ತೇವೆ, ಆ ವೈದ್ಯರ ಕೈಗುಣದ ಬಗ್ಗೆ ನಮ್ಮ ತಕರಾರಿಲ್ಲ.

ತಕರಾರು ಮುಂದಿನದು. ಕೆಲವು ತಿಂಗಳ ನಂತರ ವಾಟ್ಸಾಪಿನಲ್ಲಿ ಒಂದು ಜಾಹೀರಾತು ತಿರುಗುತ್ತಾ ತಿರುಗುತ್ತಾ ನಮ್ಮೂರಿನ ಗುಂಪಿಗೇ ಬಂತು. ‘ಮೊದಲು’, ‘ನಂತರ’ ಅಂತ ಎರಡು ಫೋಟೋ. ಎರಡರಲ್ಲೂ ನಮ್ಮ ಹುಡುಗಿಯದೇ ಮುಖ, ಕಣ್ಣಿಗೊಂದು ಕರಿಪಟ್ಟಿ ಕೂಡ ಇಲ್ಲ. ಕೆಳಗೆ ಆಸ್ಪತ್ರೆಯ ಹೆಸರು, ಫೋನ್ ನಂಬರು, ಪಕ್ಕದಲ್ಲೇ ಮೂಗು ತಿದ್ದುವುದಕ್ಕೆ, ಕೊಬ್ಬು ತೆಗೆಯುವುದಕ್ಕೆ, ಕೂದಲು ನೆಡುವುದಕ್ಕೆ ಹಬ್ಬದ ರಿಯಾಯಿತಿ! ಹುಡುಗಿ ಶಾಲೆಗೆ ಬರುವುದನ್ನು ನಿಲ್ಲಿಸಿದಳು. ಮನೆಗೆ ಹೋಗಿ ಕರೆದರೆ ಒಂದೇ ಮಾತು: “ಸರ್ರ, ಆ ಫೋಟೋದಾಗಿನ ಹುಡುಗಿ ನಾ ಅಲ್ಲಂತ ಎಲ್ಲಾರಿಗೂ ಹೇಳ್ರಿ.”

ಆಸ್ಪತ್ರೆಗೆ ಫೋನ್ ಮಾಡಿದೆವು. “ಫಾರ್ಮಿಗೆ ತಂದೆ ಸಹಿ ಮಾಡಿದ್ದಾರೆ” ಅಂದರು. ಫಾರ್ಮು ತರಿಸಿ ನೋಡಿದೆವು. ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಪುಟಗಟ್ಟಲೆ ಕರಾರು. ತೊಡೆಯ ಚರ್ಮ ತೆಗೆದು ಕುತ್ತಿಗೆಗೆ ಹಚ್ಚುತ್ತೇವೆ ಅಂತ ಅದರಲ್ಲಿದೆ, ತಂದೆಗೆ ಅದು ಗೊತ್ತಾದದ್ದು ಮಗಳ ತೊಡೆಯ ಮೇಲಿನ ಪಟ್ಟಿ ನೋಡಿದಾಗ. ಫೋಟೋಗಳನ್ನು ಶಿಕ್ಷಣಕ್ಕೂ ಪ್ರಚಾರಕ್ಕೂ ಬಳಸಬಹುದು ಅಂತ ಇನ್ನೊಂದು ಸಾಲು. ಎಲ್ಲದರ ಕೆಳಗೆ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಒಬ್ಬ ಮನುಷ್ಯನ ದುಂಡನೆಯ ಕನ್ನಡ ಸಹಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಇಂಗ್ಲಿಷ್ ಮಾತ್ರ ಎಲ್ಲಿಯೂ ಇಲ್ಲ.

ಇದನ್ನು ಒಪ್ಪಿಗೆ ಅನ್ನುತ್ತಾರೇನು ಸ್ವಾಮಿ?

ನಾವು ಕಾನೂನು ಪಂಡಿತರಲ್ಲ. ಆದರೆ ಓದಲು ಬರುತ್ತದಲ್ಲ, ಓದಿದೆವು. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ಚಿಕಿತ್ಸೆ ಎಂಥದು, ಅದರಿಂದ ಏನು ಲಾಭ, ಬೇರೆ ದಾರಿ ಇದೆಯೇ, ದೊಡ್ಡ ಅಪಾಯಗಳು ಯಾವುವು, ಬೇಡವೆಂದರೆ ಏನಾಗುತ್ತದೆ, ಇಷ್ಟನ್ನು ತಿಳಿಸಿದ ಮೇಲಿನ ಒಪ್ಪಿಗೆಯೇ ಒಪ್ಪಿಗೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು, ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು ಅನ್ನುತ್ತದೆ.

ವೈದ್ಯರ ನಡತೆಗೆ 2002ರ ನಿಯಮಾವಳಿ ಇದೆ. 2023ರ ಆಗಸ್ಟಿನಲ್ಲಿ ಹೊಸದು ಬಂತು, ಅದೇ ತಿಂಗಳಲ್ಲಿ ತಡೆಹಿಡಿದರು, ಹಳೆಯದೇ ಮತ್ತೆ ಜಾರಿಗೆ ಬಂತು. ವೈದ್ಯರಾಗಲಿ ಆಸ್ಪತ್ರೆಯಾಗಲಿ ಜಾಹೀರಾತು ಕೊಟ್ಟು ರೋಗಿಗಳನ್ನು ಕರೆಯುವುದು ಅನೈತಿಕ ಅಂತ ಅದರಲ್ಲಿ ಬರೆದಿದೆ. ದವಾಖಾನೆ ಶುರುವಾಯಿತು, ವಿಳಾಸ ಬದಲಾಯಿತು, ಇಂಥ ಕೆಲವು ಪ್ರಕಟಣೆಗಳಿಗೆ ಮಾತ್ರ ಅವಕಾಶ. ಗುರುತು ಸಿಗುವಂಥ ಫೋಟೋವನ್ನು ರೋಗಿಯ ಅನುಮತಿಯಿಲ್ಲದೆ ಯಾವ ಪತ್ರಿಕೆಯಲ್ಲೂ, ವೈದ್ಯಕೀಯ ಪತ್ರಿಕೆಯಲ್ಲೂ, ಹಾಕುವಂತಿಲ್ಲ. ವಿದ್ಯೆಗಾಗಿ ಇರುವ ಪತ್ರಿಕೆಗೇ ಇಷ್ಟು ಕಟ್ಟು ಇರುವಾಗ, ಹಬ್ಬದ ರಿಯಾಯಿತಿಯ ಜಾಹೀರಾತಿಗೆ ರಿಯಾಯಿತಿ ಎಲ್ಲಿಂದ ಬಂತು?

ಅಂದ ಹಾಗೆ, ಒಂದು ಹಳೆಯ ಕಥೆ. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸಜಿ ಎಂಬ ಮರಾಠನನ್ನು ಟಿಪ್ಪುವಿನ ಸೈನಿಕರು ಸೆರೆಹಿಡಿದು ಮೂಗು, ಕೈ ಕತ್ತರಿಸಿದರು. ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬಾತ ಹಣೆಯ ಚರ್ಮ ಇಳಿಸಿ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಆ ಸುದ್ದಿಯನ್ನು ಚಿತ್ರ ಸಮೇತ ಅಚ್ಚುಮಾಡಿತು. ಜೋಸೆಫ್ ಕಾರ್ಪ್ಯೂ ಎಂಬ ವೈದ್ಯ 1814ರಲ್ಲಿ ಅದೇ ವಿಧಾನವನ್ನು ಲಂಡನ್ನಿನಲ್ಲಿ ಮಾಡಿದ. ಇವತ್ತಿನ ಪ್ಲಾಸ್ಟಿಕ್ ಸರ್ಜರಿಯ ಬೇರುಗಳಲ್ಲಿ ಒಂದು ಇಲ್ಲಿದೆ. ಆ ಲೇಖನದಲ್ಲಿ ರೋಗಿಯ ಹೆಸರಿದೆ, ಮೂಗು ಕಟ್ಟಿದವನ ಹೆಸರಿಲ್ಲ. ಇನ್ನೂರು ವರ್ಷದಲ್ಲಿ ಲೆಕ್ಕ ಉಲ್ಟಾ ಆಗಿದೆ. ಈಗ ಕಟ್ಟಿದವನ ಹೆಸರು ದೊಡ್ಡದಾಗಿ, ಕಟ್ಟಿಸಿಕೊಂಡವಳು ಬರೀ ಮಾಲು.

ನಮ್ಮೂರಲ್ಲೇ ಕೆಲವರು ಕೇಳಿದರು: “ಪುಕ್ಕಟೆ ಮಾಡ್ಯಾರಲ್ರೀ ಮಾಸ್ತರ್ರ, ಒಂದ್ ಫೋಟೋ ಹಾಕಿದ್ರ ಏನ್ ಹೋತು?” ಹೋದದ್ದು ಹೇಳುತ್ತೇವೆ. ದುಡ್ಡು ಕೊಟ್ಟು ಮೂಗು ತಿದ್ದಿಸಿಕೊಂಡ ಶ್ರೀಮಂತರ ಫೋಟೋ ಆ ಜಾಹೀರಾತಿನಲ್ಲಿ ಇರಲಿಲ್ಲ, ನೋಡಿದಿರಾ? ಬಡವರ ಮಗಳು ಶುಲ್ಕವನ್ನು ಮುಖದಲ್ಲಿ ಕಟ್ಟಿದಳು. ಹಾಗಾದರೆ ಅದು ಪುಕ್ಕಟೆ ಹೇಗಾಯಿತು? ಕಾನೂನಿನಲ್ಲೂ ಪುಕ್ಕಟೆ ಅನ್ನುವುದು ಎಲ್ಲಕ್ಕೂ ಪರವಾನಗಿ ಅಲ್ಲ. ಕೆಲವರಿಂದ ಹಣ ಪಡೆದು ಕೆಲವರಿಗೆ ಪುಕ್ಕಟೆ ಮಾಡುವ ಆಸ್ಪತ್ರೆಯಲ್ಲಿ ಪುಕ್ಕಟೆ ರೋಗಿಯೂ ಗ್ರಾಹಕನೇ ಅಂತ 1995ರ ವಿ. ಪಿ. ಶಾಂತಾ ತೀರ್ಪಿನಲ್ಲೇ ಸುಪ್ರೀಂ ಕೋರ್ಟು ಹೇಳಿದೆ.

ಇನ್ನು ಕೆಲವರು, ಇದೇನು ಜೀವ ಹೋಗುವ ವಿಷಯವೇ ಅಂದರು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬಳು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋಗಿ ತೀರಿಕೊಂಡಳು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಯೂಟ್ಯೂಬ್ ನೋಡಿ ಕಲಿತದ್ದು ಕೂದಲು ನೆಡುವಂಥ ಸೌಂದರ್ಯ ಚಿಕಿತ್ಸೆಗೆ ಸಾಕಾಗುವ ತರಬೇತಿ ಅಲ್ಲ ಅಂತ ಬರೆದು ತಿಳಿಸಬೇಕಾಯಿತು. ಹೀಗೆ ಬರೆಯಬೇಕಾದ ಕಾಲ ಬಂತಲ್ಲ! ಎಂ.ಬಿ.ಬಿ.ಎಸ್., ಆಮೇಲೆ ಎಂ.ಎಸ್., ಆಮೇಲೆ ಮೂರು ವರ್ಷದ ಎಂ.ಸಿಎಚ್. ಮುಗಿಸಿ ಸುಟ್ಟ ಗಾಯಗಳ ನಡುವೆ ಆಯುಷ್ಯ ಕಳೆಯುವ ಪ್ಲಾಸ್ಟಿಕ್ ಸರ್ಜನ್ನರಿದ್ದಾರೆ, ಅವರಿಗೆ ನಮ್ಮ ನಮಸ್ಕಾರ. ಅವರ ಹೆಸರು ಕೆಡಿಸುತ್ತಿರುವುದು ನಾವಲ್ಲ, ಈ ರಿಯಾಯಿತಿ ಅಂಗಡಿಗಳು. ಮೊದಲು ದನಿಯೆತ್ತಬೇಕಾದವರೂ ಅವರೇ. ಯಾಕೆ ಸುಮ್ಮನಿದ್ದಾರೆ?

ನಮ್ಮ ತಪ್ಪೂ ಇದೆ. ಆ ಕಾಗದ ಶಾಲೆಗೆ ತನ್ನಿ, ಓದಿ ಹೇಳುತ್ತೇವೆ ಅಂತ ನಾವು ಹೇಳಲಿಲ್ಲ. ಈಗ ಹೇಳುತ್ತಿದ್ದೇವೆ. ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಕನ್ನಡ ಶಾಲೆಗಳ ಗೆಳೆಯರೇ, ಪಾಲಕರ ಸಭೆಯಲ್ಲಿ ಇದನ್ನು ಹೇಳಿ. ಗೊತ್ತಾಗದ ಕಾಗದಕ್ಕೆ ಸಹಿ ಬೇಡ. ಫೋಟೋದ ಸಾಲು ಒಪ್ಪಿಗೆಯಿಲ್ಲದಿದ್ದರೆ ಅದರ ಮೇಲೆ ಗೀಟು ಎಳೆದು ಸಹಿ ಮಾಡಬಹುದು. ಚಿಕಿತ್ಸೆಯ ದಾಖಲೆ ಕೇಳಿದರೆ 72 ತಾಸಿನೊಳಗೆ ಕೊಡಬೇಕು ಅಂತ ಅದೇ 2002ರ ನಿಯಮದಲ್ಲಿದೆ. ದೂರು ಹೋಗಬೇಕಾದ್ದು ಮುಂಬಯಿಯ ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್ಲಿಗೆ, ಆರು ತಿಂಗಳಲ್ಲಿ ತೀರ್ಮಾನ ಆಗಬೇಕು.

ನಮ್ಮ ದೂರು ಹೋಗಿದೆ. ಹುಡುಗಿಯ ತಂದೆ ಅದನ್ನು ಕನ್ನಡದಲ್ಲಿ ಹೇಳಿದರು, ನಾವು ಮರಾಠಿಯಲ್ಲಿ ಬರೆದೆವು, ಮತ್ತೆ ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆವು. ಪೂರ್ತಿ ಕೇಳಿಸಿಕೊಂಡ ಮೇಲೆ ಅವರು ಮಗಳ ಕಡೆ ತಿರುಗಿ, “ಹಾಕ್ಲೇನವ್ವಾ?” ಅಂದರು. ಆಕೆ ಹೂಂ ಅಂದಳು. ಆಮೇಲೆ ಸಹಿ ಮಾಡಿದರು.

ಒಪ್ಪಿಗೆ ಅಂದರೆ ಇದು. ಇದಕ್ಕೆ ಹಿಡಿದದ್ದು ಅರ್ಧ ತಾಸು ಮಾತ್ರ.