ಗೋಡೆ ಬಿದ್ದಿದ್ದು ಮಳೆಗೋ, ಮಣ್ಣಿಗೋ?

ಹೋದ ವಾರ ಒಂದು ಹಾಸ್ಟೆಲ್‌ನಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಕಾರ್ಯಕ್ರಮ ಇತ್ತು. ನಮ್ಮ ಹುಡುಗರೇ ಜಾಸ್ತಿ ಇರೋ ಹಾಸ್ಟೆಲ್. ಬಂದಿದ್ದ ಡಾಕ್ಟರು ಒಳ್ಳೆಯವರೇ, ತಾಳ್ಮೆಯಿಂದ ಚೆನ್ನಾಗಿ ಮಾತಾಡಿದರು. ಕೊನೆಗೆ ಒಂದು ಮಾತು ಹೇಳಿದರು: "ಒತ್ತಡದಿಂದ ಮನೋರೋಗ ಹುಟ್ಟಲ್ಲ. ಒಳಗಡೆ ಮೊದಲೇ ಇರುತ್ತೆ. ಒತ್ತಡ ಅದನ್ನ ಟ್ರಿಗರ್ ಮಾಡುತ್ತೆ, ಅಷ್ಟೆ."

ಹಿಂದಿನ ಸಾಲಲ್ಲಿ ಕೂತಿದ್ದ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಹಂಗಾದ್ರೆ ಅದು ನಮ್ಮ ರಕ್ತದಲ್ಲೇ ಇತ್ತಾ ಸಾರ್?"

ಡಾಕ್ಟರು ನಕ್ಕು "ಹಾಗಲ್ಲಪ್ಪಾ" ಅಂದರು. ಅಷ್ಟರಲ್ಲಿ ಟೈಮ್ ಆಯ್ತು, ವಂದನಾರ್ಪಣೆ ಆಯ್ತು, ಟೀ ಬಂತು. ಹುಡುಗನ ಪ್ರಶ್ನೆ ಅಲ್ಲೇ ಉಳೀತು. ಅವನಿಗೆ ಉತ್ತರ ಕೊಡಬೇಕು ಅಂತ ಇದನ್ನ ಬರೀತಿದ್ದೀನಿ. ಉದ್ದ ಇದೆ. ದಯವಿಟ್ಟು ಪೂರ್ತಿ ಓದಿ.

ನಿಮ್ಮ ರಕ್ತವೇ ಸರಿಯಿಲ್ಲ ಅನ್ನೋದು ನಮಗೆ ಹೊಸ ಮಾತಲ್ಲ. ತಲೆಮಾರುಗಳಿಂದ ಕೇಳಿಸಿಕೊಂಡು ಬಂದಿದ್ದೀವಿ. ಹಿಂದೆ ಪೂರ್ವಜನ್ಮದ ಕರ್ಮ ಅಂದರು, ಆಮೇಲೆ ಮೆರಿಟ್ ಇಲ್ಲ ಅಂದರು. ಅದಕ್ಕೇ ಆ ಹುಡುಗನ ಕಿವಿಗೆ ಡಾಕ್ಟರ ಮಾತು ಹಾಗೆ ಕೇಳಿಸಿತು. ಡಾಕ್ಟರ ಮನಸ್ಸಿನಲ್ಲಿ ಅದು ಇರಲಿಲ್ಲ, ಒಪ್ಪಿಕೊಳ್ತೀನಿ. ಆದರೆ ಯಾರ ಮುಂದೆ ಏನು ಹೇಳ್ತಿದ್ದೀವಿ ಅನ್ನೋ ಎಚ್ಚರವೂ ವೈದ್ಯದ ಭಾಗ ತಾನೇ?

ಮೊದಲು ಡಾಕ್ಟರ ಮಾತಿನಲ್ಲಿರೋ ನಿಜ ನೋಡೋಣ. ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ಕಾಯಿಲೆಗಳಲ್ಲಿ ವಂಶವಾಹಿಯ ಪಾತ್ರ ದೊಡ್ಡದು. ಇದನ್ನ ಯಾರೂ ಅಲ್ಲಗಳೆಯಕ್ಕಾಗಲ್ಲ. ಕೆಲವರಿಗೆ ಹುಟ್ಟಿನಿಂದಲೇ ಆ ಕಾಯಿಲೆಗೆ ಬೇಗ ಈಡಾಗೋ ಗುಣ ಇರುತ್ತೆ, ಅದರ ಮೇಲೆ ಒತ್ತಡ ಬಿದ್ದಾಗ ಕಾಯಿಲೆ ಕಾಣಿಸಿಕೊಳ್ಳುತ್ತೆ ಅಂತ 1960ರ ದಶಕದಿಂದಲೂ ಪುಸ್ತಕಗಳಲ್ಲಿ ಬರೆದಿದ್ದಾರೆ. ಆದರೆ ಕಥೆ ಅಲ್ಲಿಗೇ ಮುಗಿಯಲ್ಲ. ತದ್ರೂಪಿ ಅವಳಿಗಳ ವಂಶವಾಹಿ ಒಂದೇ. ಆದರೂ ಒಬ್ಬರಿಗೆ ಸ್ಕಿಜೋಫ್ರೇನಿಯಾ ಬಂದರೆ ಇನ್ನೊಬ್ಬರಿಗೂ ಬರೋದು ಹೆಚ್ಚೆಂದರೆ ಅರ್ಧದಷ್ಟು ಸಲ. ಬರೀ ರಕ್ತದ ಮಾತಾಗಿದ್ದರೆ ಇಬ್ಬರಿಗೂ ಬರಬೇಕಿತ್ತಲ್ವಾ?

ಈಗ ನಮ್ಮ ಕೇರಿಯ ಲೆಕ್ಕದಲ್ಲಿ ಹೇಳ್ತೀನಿ. ಮಳೆಗಾಲದಲ್ಲಿ ಮಣ್ಣಿನ ಗೋಡೆ ಬೀಳುತ್ತೆ. ಕಂದಾಯ ಇಲಾಖೆಯವರು ಬಂದು ಮಹಜರು ಬರೀತಾರೆ: "ಗೋಡೆ ಮೊದಲೇ ಶಿಥಿಲವಾಗಿತ್ತು." ಆ ಒಂದು ಸಾಲಿಗೆ ಪರಿಹಾರದ ಹಣ ಕಮ್ಮಿಯಾಗುತ್ತೆ, ಇಲ್ಲ ಪೂರ್ತಿ ಹೋಗುತ್ತೆ. ಗೋಡೆ ಶಿಥಿಲವಾಗಿದ್ದು ನಿಜಾನೇ ಸ್ವಾಮಿ. ಆದರೆ ಅದು ಯಾಕೆ ಮಣ್ಣಿನದಾಗಿತ್ತು? ಊರಿನ ನೀರೆಲ್ಲ ಹರಿದು ಬರೋ ತಗ್ಗಿನಲ್ಲೇ ನಮಗೆ ಯಾಕೆ ಜಾಗ ಕೊಟ್ಟರು? ಎಷ್ಟು ಮಳೆಗಾಲದಿಂದ ಅದು ನೆನೀತಾ ಇತ್ತು? ಈ ಪ್ರಶ್ನೆಗಳಿಗೆ ಮಹಜರಿನಲ್ಲಿ ಕಾಲಮ್ಮೇ ಇಲ್ಲ.

"ಟ್ರಿಗರ್" ಅನ್ನೋ ಪದ ನಮ್ಮ ಜನರ ವಿಷಯದಲ್ಲಿ ಮಾಡೋ ಕೆಲಸ ಇದೇ. ಒತ್ತಡ ಅಂದರೆ ಪರೀಕ್ಷೆಯ ಹಿಂದಿನ ರಾತ್ರಿ ಬಂದು ಹೋಗೋ ಟೆನ್ಷನ್ ಅಂದುಕೊಂಡಿದ್ದಾರೆ. ತಾಯಿ ಬಸುರಿಯಾಗಿದ್ದಾಗ ತಿಂದ ಅರೆಹೊಟ್ಟೆ, ಅಂಗನವಾಡಿಯಲ್ಲಿ ಬೇರೆ ಕೂರಿಸಿದ್ದು, ಕ್ಲಾಸಲ್ಲಿ ಎಲ್ಲರೆದುರು "ಸ್ಕಾಲರ್‌ಶಿಪ್‌ನೋರು ಎದ್ದು ನಿಲ್ಲಿ" ಅಂದಿದ್ದು, ಬಾಡಿಗೆ ಮನೆಗೆ ಹೋದಾಗ "ನೀವು ಯಾವ ಜನ?" ಅಂತ ಕೇಳಿದ್ದು, ಇವೆಲ್ಲ ಸೇರಿ ಇಪ್ಪತ್ತು ವರ್ಷದ ಒತ್ತಡ. ಇದು ಬರೀ ಕುದುರೆ ಎಳೆಯೋ ಬೆರಳಲ್ಲ, ಕೋವಿಗೆ ಮದ್ದು ತುಂಬಿದ ಕೈಯೂ ಇದೇ. ತಾಯಿಯ ಹಸಿವಿನ ಬಗ್ಗೆ ಸುಮ್ಮನೆ ಹೇಳ್ತಿಲ್ಲ. 1944–45ರ ಚಳಿಗಾಲದಲ್ಲಿ ನಾಜಿಗಳ ಹಿಡಿತದಲ್ಲಿದ್ದ ನೆದರ್ಲೆಂಡ್ಸ್‌ನಲ್ಲಿ ಬರ ಬಿತ್ತು. ಬರದ ತೀವ್ರ ದಿನಗಳಲ್ಲಿ ಗರ್ಭಕ್ಕೆ ಬಂದ ಮಕ್ಕಳಲ್ಲಿ ಮುಂದೆ ಸ್ಕಿಜೋಫ್ರೇನಿಯಾ ಸುಮಾರು ಎರಡು ಪಟ್ಟು ಕಾಣಿಸಿಕೊಂಡಿತು. ಅಂದರೆ ನೀವು "ಮೊದಲೇ ಒಳಗಿತ್ತು" ಅನ್ನೋದನ್ನೂ ಹೊರಗಿನಿಂದ ಒಳಗೆ ಹಾಕಿರಬಹುದು.

ಇನ್ನೊಂದು ಪುರಾವೆ. ಕೆರಿಬಿಯನ್ ದ್ವೀಪಗಳಿಂದ ಇಂಗ್ಲೆಂಡಿಗೆ ವಲಸೆ ಹೋದ ಕಪ್ಪು ಜನರಲ್ಲಿ, ಅವರ ಮಕ್ಕಳಲ್ಲಿ, ಸೈಕೋಸಿಸ್ ಅಲ್ಲಿನ ಬಿಳಿಯರಿಗಿಂತ ಹಲವು ಪಟ್ಟು ಹೆಚ್ಚು. ರಕ್ತದ್ದೇ ತಪ್ಪು ಅನ್ನೋಣ ಅಂದರೆ, ಜಮೈಕಾ, ಟ್ರಿನಿಡಾಡ್, ಬಾರ್ಬಡೋಸ್‌ನಲ್ಲೇ ಉಳಿದ ಅದೇ ಜನರಲ್ಲಿ ಆ ಏರಿಕೆ ಇಲ್ಲ. ಬಿಳಿ ಡಾಕ್ಟರುಗಳ ಪೂರ್ವಗ್ರಹದಿಂದಲೂ ಸಂಖ್ಯೆ ಹೆಚ್ಚಿರಬಹುದು ಅನ್ನೋ ತಕರಾರು ಇದೆ, ಅದರಲ್ಲೂ ಹುರುಳಿದೆ. ಎರಡರಲ್ಲಿ ಯಾವುದನ್ನ ಒಪ್ಪಿದರೂ ಬೆರಳು ತೋರಿಸೋದು ಜನಾಂಗಭೇದದ ಕಡೆಗೇ.

"ಒತ್ತಡವೇ ಕಾರಣ ಆಗಿದ್ದರೆ ಕೇರಿಯವರಿಗೆಲ್ಲ ಹುಚ್ಚು ಹಿಡೀಬೇಕಿತ್ತಲ್ಲ?" ಅಂತ ಕೇಳೋ ಬುದ್ಧಿವಂತರಿದ್ದಾರೆ. ಬೀಡಿ ಸೇದಿದವರಿಗೆಲ್ಲ ಕ್ಯಾನ್ಸರ್ ಬರಲ್ಲ. ಆದರೂ ಕಟ್ಟಿನ ಮೇಲೆ ಎಚ್ಚರಿಕೆ ಅಚ್ಚು ಹಾಕ್ತೀರಲ್ಲ, ಯಾಕೆ? ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದ ಅಮೆರಿಕದ ಸೈನಿಕರಿಗೂ ಮೊದಮೊದಲು "ನಿಮ್ಮದೇ ಮನಸ್ಸಿನ ದೌರ್ಬಲ್ಯ" ಅಂದಿದ್ದರು. ಅವರು ಸಂಘಟಿತರಾಗಿ ಜಗಳ ಮಾಡಿದರು. 1980ರಲ್ಲಿ ಪಿಟಿಎಸ್‌ಡಿ ಅನ್ನೋ ಕಾಯಿಲೆ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿತು. ಹೊರಗಿನ ಆಘಾತ ಇಲ್ಲದೆ ಆ ಕಾಯಿಲೆಯ ವ್ಯಾಖ್ಯೆಯೇ ಇಲ್ಲ. ಯುದ್ಧ ಕಂಡವರಿಗೆಲ್ಲ ಅದೂ ಬರಲ್ಲ. ಹಾಗಂತ ಯುದ್ಧ ಬರೀ ಟ್ರಿಗರ್ ಅಂತ ಯಾರಾದರೂ ಕೈ ತೊಳ್ಕೋತಾರಾ?

ಕೈ ತೊಳ್ಕೊಳ್ಳೋ ಚಾಳಿ ಹಳೇದು. 1851ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಅನ್ನೋ ಡಾಕ್ಟರು, ಗುಲಾಮರು ಒಡೆಯರಿಂದ ಓಡಿಹೋಗೋದು ಒಂದು ಮನೋರೋಗ ಅಂತ ಬರೆದು ಅದಕ್ಕೆ "ಡ್ರಾಪೆಟೊಮೇನಿಯಾ" ಅಂತ ಹೆಸರಿಟ್ಟರು. ಸರಪಳಿ ಸರಿಯಾಗಿದೆ, ಗುಲಾಮನ ತಲೆ ಸರಿಯಿಲ್ಲ! ಇವತ್ತು ಯಾರೂ ಅಷ್ಟು ಬಿಚ್ಚಿ ಹೇಳಲ್ಲ. ವಿಚಾರಣಾ ವರದಿಯಲ್ಲಿ "ವೈಯಕ್ತಿಕ ಕಾರಣ" ಅಂತ ಬರೀತಾರೆ. ರೋಹಿತ್ ವೇಮುಲ ಮತ್ತು ನಾಲ್ವರು ಗೆಳೆಯರನ್ನ ಹೈದರಾಬಾದ್ ವಿಶ್ವವಿದ್ಯಾಲಯದ ಹಾಸ್ಟೆಲ್‌ನಿಂದ ಹೊರಹಾಕಿದ್ದರು, ಅವರು ಬಯಲಲ್ಲಿ ಮಲಗಿದ್ದರು. 2016ರ ಜನವರಿ 17ರಂದು ರೋಹಿತ್‌ನನ್ನ ಕಳ್ಕೊಂಡೆವು. ಆಮೇಲೆ ಬಂದ ಏಕಸದಸ್ಯ ಆಯೋಗ ಹೇಳಿದ್ದು ವೈಯಕ್ತಿಕ ಹತಾಶೆ ಅಂತ. ಮಹಜರು ನೆನಪಾಯ್ತಾ? ಗೋಡೆ ಶಿಥಿಲವಾಗಿತ್ತು.

ಪರಿಹಾರದ ಕಾನೂನಿನಲ್ಲಿ ಒಂದು ಹಳೇ ತತ್ವ ಇದೆ. ತೆಳು ತಲೆಬುರುಡೆಯವನಿಗೆ ಹೊಡೆದು ಅವನಿಗೆ ಭಾರೀ ಏಟಾದರೆ, "ಅವನ ಬುರುಡೆ ತೆಳುವಿತ್ತು, ನಂದೇನು ತಪ್ಪು" ಅನ್ನೋ ಹಾಗಿಲ್ಲ. ಬೇರೆಯವರಿಗೆ ಸಿಗೋ ಈ ನ್ಯಾಯ ನಮ್ಮ ಮಕ್ಕಳಿಗೆ ಯಾಕಿಲ್ಲ?

ಇಲ್ಲೀತನಕ ಓದಿ ಚಪ್ಪಾಳೆ ತಟ್ಟಿದ ಸಂಗಾತಿಗಳೇ, ಈಗ ನಮ್ಮ ಸರದಿ.

ನನ್ನ ಚಿಕ್ಕಪ್ಪನ ಮಗ ಇಂಜಿನಿಯರಿಂಗ್ ಓದೋವಾಗ ಕಾಯಿಲೆ ಬಿದ್ದ. ಯಾರೋ ಬೈತಿದ್ದಾರೆ ಅಂತ ಕಿವಿ ಮುಚ್ಕೊಂಡು ಕೂರೋನು, ರಾತ್ರಿಯೆಲ್ಲ ನಿದ್ದೆ ಇಲ್ಲ. ಕ್ಲಾಸಲ್ಲಿ ಅವನಿಗಾದ ಅವಮಾನ ನನಗೆ ಗೊತ್ತಿತ್ತು. ಡಾಕ್ಟರು ಮಾತ್ರೆ ಕೊಟ್ಟರು, ಎರಡು ತಿಂಗಳಲ್ಲಿ ಸುಧಾರಿಸಿದ. "ಅಣ್ಣಾ, ಮಾತ್ರೆ ತಗಂಡ್ರೆ ತಲೆ ಭಾರ ಆಗ್ತದೆ" ಅಂದ. "ನಿನಗೆ ಕಾಯಿಲೆ ಇಲ್ಲ ಕಣೋ, ಕಾಯಿಲೆ ಇರೋದು ಈ ಜಾತಿ ಸಮಾಜಕ್ಕೆ. ಬಿಸಾಕು ಮಾತ್ರೆನ" ಅಂದೆ. ಹೌದು, ಹಾಗೆ ಹೇಳಿದೋನು ನಾನೇ. ಅದನ್ನ ಕ್ರಾಂತಿಕಾರಿ ಮಾತು ಅಂದುಕೊಂಡಿದ್ದೆ. ಅವನು ಬಿಸಾಕಿದ. ಮೂರು ತಿಂಗಳಾದ ಮೇಲೆ ಅವನನ್ನ ನಾಲ್ಕು ಜನ ಹಿಡ್ಕೊಂಡು ಆಸ್ಪತ್ರೆಗೆ ಒಯ್ಯಬೇಕಾಯ್ತು. ಓದು ನಿಂತುಹೋಯ್ತು. ಇವತ್ತು ಮಾತ್ರೆ ತಗೊಂಡು, ಕೆಲಸ ಮಾಡ್ಕೊಂಡು ಚೆನ್ನಾಗಿದ್ದಾನೆ. ನನ್ನನ್ನ ಬೈಯಲ್ಲ. ಚಿಕ್ಕಮ್ಮ ಮಾತ್ರ ಇವತ್ತಿಗೂ ನನ್ನ ಮುಖ ಕೊಟ್ಟು ಮಾತಾಡಲ್ಲ.

ಮನೆ ಬೀಳಿಸಿದ್ದು ಯಾರು ಅನ್ನೋ ಜಗಳ ಮಾಡೋಣ, ಬಿಡೋದು ಬೇಡ. ಆದರೆ ಅಲ್ಲೀತನಕ ಮಗುನ ಮಳೇಲಿ ನಿಲ್ಲಿಸಬಾರದು. ಕಾರಣ ಸಮಾಜದಲ್ಲಿದ್ದರೂ ಕಾಯಿಲೆ ಇರೋದು ಒಂದು ದೇಹದಲ್ಲಿ, ಅದಕ್ಕೆ ಔಷಧಿ ಬೇಕು. ಹಾಗೇನೇ "ದಲಿತರೆಲ್ಲ ಮನಸ್ಸು ಮುರಿದವರು" ಅಂತ ಬರೆಯೋದನ್ನೂ ನಿಲ್ಲಿಸಿ. ನಮ್ಮ ಅವ್ವಂದಿರ ಗಟ್ಟಿತನಕ್ಕೆ ಅದು ಅವಮಾನ.

ಕೇಳಬೇಕಾದ್ದು ಕೇಳೋಣ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಜಾತಿ ಭೇದವಿಲ್ಲದೆ ಚಿಕಿತ್ಸೆ ಪಡೆಯೋದು ಹಕ್ಕು. ಪ್ರಾಣ ಕಳ್ಕೊಳ್ಳೋಕೆ ಹೋದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಅವರ ಆರೈಕೆ ಸರ್ಕಾರದ ಹೊಣೆ ಅಂತ 115ನೇ ಸೆಕ್ಷನ್ ಹೇಳುತ್ತೆ. ಕಾನೂನೇ ಒತ್ತಡವನ್ನ ಒಪ್ಪಿಕೊಂಡಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯ್ತು. ಆ ನಾಡಿನಲ್ಲಿ ಪ್ರತಿ ಹಾಸ್ಟೆಲ್‌ಗೂ ಆಪ್ತಸಮಾಲೋಚಕರು ಬೇಕು, ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರೆ ತಪ್ಪದೆ ಸಿಗಬೇಕು ಅನ್ನೋದು ದೊಡ್ಡ ಬೇಡಿಕೆಯಲ್ಲ. "ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತಾ?" ಅಂತ ಕೇಳೋ ಡಾಕ್ಟರು "ಕ್ಲಾಸಲ್ಲಿ, ಹಾಸ್ಟೆಲಲ್ಲಿ ನಿನ್ನನ್ನ ಹೇಗೆ ನಡೆಸಿಕೊಳ್ತಾರೆ?" ಅಂತಲೂ ಕೇಳಲಿ. ಉತ್ತರವನ್ನ ಕೇಸ್ ಶೀಟಿನಲ್ಲಿ ಬರೀಲಿ.

ಹಿಂದಿನ ಸಾಲಿನ ತಮ್ಮಾ, ನಿನ್ನ ರಕ್ತದಲ್ಲಿ ಯಾವ ತಪ್ಪೂ ಇಲ್ಲ. ಕೆಲವರ ಮೈಗೆ ಸಕ್ಕರೆ ಕಾಯಿಲೆ ಬೇಗ ಬರುತ್ತೆ, ಕೆಲವರ ಮನಸ್ಸಿಗೆ ಏಟು ಬೇಗ ತಾಗುತ್ತೆ. ಅದು ನಾಚಿಕೆಪಡೋ ವಿಷಯ ಅಲ್ಲ. ನಾಚಿಕೆಪಡಬೇಕಾದ್ದು ಹೊಡೆದವರು. ನಿದ್ದೆ ಬರ್ತಿಲ್ಲ, ಬದುಕೇ ಬೇಡ ಅನ್ನಿಸ್ತಿದೆ ಅಂದರೆ ಒಬ್ಬನೇ ಕೂರಬೇಡ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಇಲ್ಲ ನನಗೇ ಇನ್‌ಬಾಕ್ಸ್ ಮಾಡು. ಮಾತ್ರೆ ಬಿಸಾಕು ಅಂತ ಮಾತ್ರ ಇನ್ಯಾವತ್ತೂ ಹೇಳಲ್ಲ.

ಜೈಭೀಮ್.