ಒಂದೇ ಗುಂಡಿಯ ಆಟ



ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಜ್ವಾಲಾಮುಖಿ, ಮಳೆನೀರು ಕೊಯ್ಲು, ಗಾಳಿಯಂತ್ರಗಳ ಮಾದರಿಗಳು ವರ್ಷವರ್ಷವೂ ಬರುತ್ತವೆ. ಬಹುಮಾನ ಪಡೆದು ಮರುದಿನ ಮೂಲೆ ಸೇರುತ್ತವೆ. ಅದೇ ಶಾಲೆಯಲ್ಲಿ ಕೈಗಳ ಮೇಲೆ ಹಿಡಿತವಿಲ್ಲದ ಮಗುವೊಂದು ಆಟದ ಅವಧಿಯಲ್ಲಿ ಉಳಿದವರ ಚೀಲ ಕಾಯುತ್ತ ಕುಳಿತಿರುತ್ತದೆ. ಮಕ್ಕಳ ಆ ಜಾಣ್ಮೆಯನ್ನು ಈ ಮಗುವಿನ ಕಡೆಗೆ ತಿರುಗಿಸಬಾರದೇಕೆ?

ಒಂದೇ ಸಂಕೇತದಿಂದ ಎಷ್ಟು ಕೆಲಸ ಸಾಧ್ಯವೆಂಬುದನ್ನು ಕೆ.ಜಿ.ಎಫ್.ನವರಿಗೆ ಯಾರೂ ಕಲಿಸಬೇಕಿಲ್ಲ. 2001ರ ಫೆಬ್ರವರಿ 28ರಂದು ಮುಚ್ಚಿದ ನಮ್ಮ ಗಣಿಗಳು ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿದಿದ್ದವು. ಅಲ್ಲಿ ಕೇಜನ್ನು ಎತ್ತುವ, ಇಳಿಸುವ, ನಿಲ್ಲಿಸುವ ಆಜ್ಞೆಗಳೆಲ್ಲ ಗಂಟೆಯ ಎಣಿಕೆಯಲ್ಲೇ ಯಂತ್ರಚಾಲಕನಿಗೆ ತಲುಪುತ್ತಿದ್ದವು.

ಸ್ವಿಚ್ಚಿನ ಆಟದ ತತ್ತ್ವವೂ ಇಷ್ಟೇ ಸರಳ. ಪರದೆಯ ಮೇಲಿನ ಚಿತ್ರಗಳು ಒಂದಾದ ಮೇಲೊಂದು ಬೆಳಗುತ್ತ ಹೋಗುತ್ತವೆ. ತನಗೆ ಬೇಕಾದುದು ಬೆಳಗಿದಾಗ ಮಗು ಗುಂಡಿಯನ್ನು ಒತ್ತುತ್ತದೆ. ಅಂಗೈ, ಮೊಣಕೈ, ಪಾದ, ತಲೆ — ಯಾವುದು ಮಗುವಿನ ಅಧೀನದಲ್ಲಿದೆಯೋ ಅದರಿಂದ ಒತ್ತಿದರಾಯಿತು. 2018ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಹೊರತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್‌ಗೆ ಇಂತಹ ಸ್ವಿಚ್ಚುಗಳಿಗೆಂದೇ 3.5 ಮಿ.ಮೀ.ನ 19 ತೂತುಗಳಿವೆ. ನಮಗೆ ಅಷ್ಟು ಬೇಡ. ಹಳೆಯ ಮೌಸ್ ಒಂದನ್ನು ಬಿಚ್ಚಿ, ಎಡಗುಂಡಿಯ ಎರಡು ತುದಿಗಳಿಗೆ ತಂತಿ ಬೆಸೆದು, ಆ ತಂತಿಗಳನ್ನು ದೊಡ್ಡದೊಂದು ಗುಂಡಿಗೆ ಜೋಡಿಸಿದರೆ ಸಾಕು. ಎರಡು ರಟ್ಟುಗಳ ಒಳಮೈಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿ, ನಡುವೆ ತೂತಿರುವ ಸ್ಪಂಜಿಟ್ಟರೆ ಆ ಗುಂಡಿಯೂ ಸಿದ್ಧ. ಹರಿಯುವುದು ಐದು ವೋಲ್ಟ್ ಮಾತ್ರ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಿರುವ ಶಾಲೆಗಳಿಗಂತೂ ಇದು ಏನೇನೂ ಕಷ್ಟವಲ್ಲ.

'ಪಾಠಕ್ಕೇ ಸಮಯವಿಲ್ಲ, ಆಟವೇಕೆ?' ಎಂದು ಕೇಳುವವರಿದ್ದಾರೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಕಾಯ್ದೆಯು ಸರ್ಕಾರದ ಅನುದಾನ ಅಥವಾ ಮಾನ್ಯತೆಯುಳ್ಳ ಶಾಲೆಗಳು ಈ ಮಕ್ಕಳಿಗೆ ಆಟ ಮತ್ತು ಮನರಂಜನೆಯ ಅವಕಾಶವನ್ನು ಇತರರೊಂದಿಗೆ ಸಮಾನವಾಗಿ ಒದಗಿಸಬೇಕೆನ್ನುತ್ತದೆ. ಆದರೆ ಕಾಯ್ದೆಗಿಂತ ಹಿರಿದಾದ ಕಾರಣವೊಂದಿದೆ. ಇಂತಹ ಮಗುವಿನ ಬದುಕಿನಲ್ಲಿ ಊಟ, ಉಡುಪು, ಸ್ನಾನ, ಎಲ್ಲವನ್ನೂ ಬೇರೆಯವರೇ ನಿರ್ಧರಿಸುತ್ತಾರೆ. 'ನಾನು ಒತ್ತಿದೆ, ಅದಕ್ಕೇ ಇದು ಆಯಿತು' ಎಂಬ ಅನುಭವ ಆಟದಲ್ಲಿ ಸಿಗುತ್ತದೆ. ಗೆಲ್ಲುವುದಷ್ಟೇ ಅಲ್ಲ, ತನ್ನದೇ ತಪ್ಪಿನಿಂದ ಸೋಲುವ ಅವಕಾಶವೂ ಸಿಗುತ್ತದೆ. ಕರುಣೆಯಿಂದ ಕೊಟ್ಟ ಗೆಲುವನ್ನು ಮಕ್ಕಳು ಕೂಡಲೇ ಗುರುತಿಸುತ್ತಾರೆ.

ಆದ್ದರಿಂದ ಕೆಲವು ಮಾತುಗಳನ್ನು ಒತ್ತಿ ಹೇಳಬೇಕಾಗಿದೆ. ಆಟ ಕಟ್ಟುವ ಮೊದಲ ದಿನದಿಂದಲೇ ಆ ಮಗು ಜೊತೆಯಲ್ಲಿರಲಿ. ಬೆಳಕು ಎಷ್ಟು ನಿಧಾನವಾಗಿ ಸರಿಯಬೇಕೆಂಬುದನ್ನು ಅದರ ಅನುಕೂಲವೇ ನಿರ್ಣಯಿಸಲಿ. ಒಂಬತ್ತನೆಯ ತರಗತಿಯವನಿಗೆ ಶಿಶುವಿಹಾರದ ಬಾತುಕೋಳಿ ಆಟ ಕೊಟ್ಟು ಅವಮಾನಿಸಬೇಡಿ. ಅವನಿಗೆ ಕ್ರಿಕೆಟ್ ಬೇಕು. ಬೆಳಕಿನೊಡನೆ ಧ್ವನಿಯೂ ಇರಲಿ. ಕನ್ನಡ, ತಮಿಳು, ತೆಲುಗು ಬೆರೆತ ನಮ್ಮೂರಿನಲ್ಲಿ ಮನೆಮಾತಿನಲ್ಲೇ ಸಹಪಾಠಿಗಳು ಧ್ವನಿ ಕೊಟ್ಟರೆ ಇನ್ನೂ ಚೆನ್ನ. ಮುಖ್ಯವಾಗಿ, ತಡವಾಯಿತೆಂದು ಮಗುವಿನ ಕೈ ಹಿಡಿದು ಒತ್ತಿಸಬೇಡಿ. ಕಾಯುವುದೂ ಶಿಕ್ಷಣವೇ, ಅದನ್ನು ಕಲಿಯಬೇಕಾದವರು ನಾವು.

ಮಾರಿಕುಪ್ಪಂ, ಬಂಗಾರಪೇಟೆಗಳಲ್ಲಿ ರೈಲು ಹತ್ತಿ ಬೆಂಗಳೂರಿನ ಕಂಪ್ಯೂಟರ್ ಕಚೇರಿಗಳಿಗೆ ಹೋಗಿಬರುವ ಶಿಷ್ಯರೇ, ಒಂದು ಭಾನುವಾರವನ್ನು ನೀವು ಓದಿದ ಶಾಲೆಗೆ ಕೊಡಿ. ಹಳೆಯ ಮೌಸ್ ಒಂದು ನಿಮ್ಮ ಮನೆಯಲ್ಲಿ ಇದ್ದೇ ಇರುತ್ತದೆ. ಅದನ್ನು ಮರೆಯದೆ ತನ್ನಿ.