ಯಂತ್ರ ಬರೆದ ಅರ್ಜಿಗೆ ಹೊಣೆ ಯಾರು?

ಓದು ಮುಗಿಸಿದ ತರುಣ ತರುಣಿಯರು ಕೆಲಸಕ್ಕೆ ಅರ್ಜಿ ಹಾಕುವಾಗ ತಮ್ಮ ವಿದ್ಯೆ, ಅನುಭವಗಳನ್ನು ಒಂದೆರಡು ಪುಟಗಳಲ್ಲಿ ಬರೆದು ಕೊಡಬೇಕಾಗುತ್ತದೆ. ಬಯೋಡೇಟಾ ಎಂದು ಕರೆಯುವ ಈ ಪತ್ರವನ್ನು ಒಂದೊಂದು ಕೆಲಸಕ್ಕೆ ಒಂದೊಂದು ಬಗೆಯಾಗಿ ತಿದ್ದುವುದು ವಾಡಿಕೆ. ಮಣಿಪಾಲದ ಆಸ್ಪತ್ರೆಯ ಕಚೇರಿಗೆ ಕಳುಹಿಸುವ ಪತ್ರದಲ್ಲಿ ಮುಂದೆ ಬರಬೇಕಾದ ಸಂಗತಿ, ಉಡುಪಿಯ ಸಾಫ್ಟ್‌ವೇರ್ ಸಂಸ್ಥೆಗೆ ಕಳುಹಿಸುವುದರಲ್ಲಿ ಹಿಂದೆ ಸರಿಯಬಹುದು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದ ಮೇಲೆ ಈ ತಿದ್ದುವ ಕೆಲಸವನ್ನು ಕೃತಕ ಬುದ್ಧಿಮತ್ತೆಗೆ ಒಪ್ಪಿಸುವವರು ಅನೇಕರು. ಹೀಗೆ ಒಪ್ಪಿಸುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಲಗಾಮು ಯಾರ ಕೈಯಲ್ಲಿರಬೇಕೆಂಬುದನ್ನು ವಿಚಾರಮಾಡುವುದು ಅಗತ್ಯವಾಗಿದೆ.

ಯಂತ್ರವು ಹೇಗೆ ಬರೆಯುತ್ತದೆಂಬುದನ್ನು ಮೊದಲು ತಿಳಿಯೋಣ. ಅಪಾರವಾದ ಬರೆವಣಿಗೆಯಿಂದ ಕಲಿತ ಭಾಷಾಮಾದರಿಯು, ತನ್ನ ಮುಂದಿರುವ ಮಾತುಗಳ ಬಳಿಕ ಯಾವ ಪದ ಅಥವಾ ಪದದ ತುಣುಕು ಬರುವ ಸಂಭವ ಹೆಚ್ಚೆಂದು ಲೆಕ್ಕಹಾಕಿ, ಒಂದರ ಮೇಲೊಂದನ್ನು ಜೋಡಿಸುತ್ತ ಹೋಗುತ್ತದೆ. ನಾವು ಅದರ ಮುಂದೆ ಇಡುವುದು ಎರಡನ್ನು: ನಮ್ಮ ವಿವರ ಮತ್ತು ಕೆಲಸದ ಜಾಹೀರಾತು. 'ಇದಕ್ಕೆ ಹೊಂದುವಂತೆ ಬರೆ' ಎಂದಾಗ ಜಾಹೀರಾತಿನ ಪದಗಳೇ ಉತ್ತರದಲ್ಲಿ ಬರುವ ಸಂಭವ ಏರುತ್ತದೆ. ನಮ್ಮ ಬಾಳಿನಲ್ಲಿ ನಡೆದುದನ್ನು ಅದು ಕಂಡಿಲ್ಲ. ಸುಳ್ಳು ಹೇಳಬೇಕೆಂಬ ಉದ್ದೇಶ ಅದಕ್ಕಿಲ್ಲ. ನಿಜವನ್ನೇ ಹೇಳಬೇಕೆಂಬ ಹಟವೂ ಇಲ್ಲ.

ಕಾಪುವಿನ ಒಬ್ಬ ಬಿ.ಕಾಂ. ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ರಜೆಯ ಎರಡು ತಿಂಗಳು ಅವಳು ಮಾವನ ಹೋಟೆಲಿನಲ್ಲಿ ದಿನದ ಜಮಾಖರ್ಚು ಬರೆದಿದ್ದಾಳೆ. ಜಾಹೀರಾತು 'ಹಣಕಾಸು ನಿರ್ವಹಣೆಯ ಅನುಭವ'ವನ್ನು ಕೇಳಿದೆ. ಯಂತ್ರವು 'ದೈನಂದಿನ ನಗದು ಲೆಕ್ಕ ಬರೆದ ಅನುಭವವಿದೆ' ಎಂದರೆ ಅದು ನ್ಯಾಯವೇ. ಮಾಡಿದ ಕೆಲಸಕ್ಕೆ ಕಚೇರಿಯ ಹೆಸರನ್ನಿಟ್ಟಂತಾಯಿತು. 'ಇನ್ನಷ್ಟು ಬಲವಾಗಿ ಬರೆ' ಎಂದೊಡನೆ, 'ಹಣಕಾಸು ವ್ಯವಹಾರವನ್ನೆಲ್ಲ ನಿರ್ವಹಿಸಿ ವೆಚ್ಚವನ್ನು ಶೇಕಡಾ 20ರಷ್ಟು ತಗ್ಗಿಸಿದ್ದೇನೆ' ಎಂದು ಬರೆದೀತು. ಆ 20 ಎಲ್ಲಿಂದ ಬಂತು? ಇಂಥ ಪತ್ರಗಳಲ್ಲಿ ಇಂಥ ಅಂಕಿಗಳಿರುವುದು ವಾಡಿಕೆಯಾದುದರಿಂದ ಬಂತು. ಸಂದರ್ಶನದಲ್ಲಿ ಅದಕ್ಕೆ ಉತ್ತರ ಕೊಡಬೇಕಾದವಳು ಮಾತ್ರ ಅವಳು, ಯಂತ್ರವಲ್ಲ.

ಇದಕ್ಕೆ ಉಪಾಯ ಹುಡುಕಲು ದೂರ ಹೋಗಬೇಕಾಗಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿ, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಮನೆಬಾಗಿಲಿಗೆ ಬಂದವರ ಕೈಯಲ್ಲಿ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಾಗಿತ್ತು. ಎರಡಾಣೆಯೇ ಆದರೂ ಅದು ಲೆಕ್ಕದಲ್ಲಿ ಸೇರಬೇಕು. ಕಟ್ಟದ ಕಾಸನ್ನು ಖಾತೆಯಲ್ಲಿದೆ ಎನ್ನಲಾಗದು. ಬಯೋಡೇಟಾಕ್ಕೂ ಇದೇ ನಿಯಮ ಸಲ್ಲುತ್ತದೆ.

ಮೊದಲನೆಯದಾಗಿ, ನಾವು ಓದಿದ್ದು, ಮಾಡಿದ್ದು, ಎಂದು, ಎಷ್ಟು ಎಂಬುದನ್ನೆಲ್ಲ ನಮ್ಮ ಕೈಯಿಂದಲೇ ಒಂದು ಮೂಲಪಟ್ಟಿಯಲ್ಲಿ ಅಂಕೆಯಿಟ್ಟು ಬರೆಯಬೇಕು. ದೂರವಾಣಿ, ಆಧಾರ್ ಸಂಖ್ಯೆಗಳನ್ನು ಯಂತ್ರಕ್ಕೆ ಕೊಡಬೇಕಾಗಿಲ್ಲ. ಎರಡನೆಯದಾಗಿ, ಈ ಪಟ್ಟಿಯಿಂದ ಆರಿಸಬಹುದು, ಕ್ರಮ ಬದಲಿಸಬಹುದು, ಹೊಸತೇನನ್ನೂ ಸೇರಿಸಕೂಡದು, ಪ್ರತಿ ವಾಕ್ಯದ ಕೊನೆಗೆ ಪಟ್ಟಿಯ ಅಂಕೆಯನ್ನು ಹಾಕಬೇಕು ಎಂದು ವಿಧಿಸಬೇಕು. ಮೂರನೆಯದಾಗಿ, ಜಾಹೀರಾತು ಕೇಳಿದ್ದರಲ್ಲಿ ನಮ್ಮಲ್ಲಿ ಇಲ್ಲದುದು ಯಾವುದೆಂದು ಬೇರೆಯಾಗಿ ಬರೆಯಿಸಬೇಕು. ಕೊನೆಗೆ, ಸಾಲುಸಾಲನ್ನೂ ನಾವೇ ಮೂಲಪಟ್ಟಿಯೊಡನೆ ಹೋಲಿಸಿ ನೋಡಬೇಕು. ಏಕೆಂದರೆ ಯಂತ್ರವು ವಿಧಿಯನ್ನು ಮೀರಬಹುದು, ಅಂಕೆಯನ್ನೇ ತಪ್ಪಾಗಿ ಹಾಕಬಹುದು. ಕೆಲವು ಸಾಧನಗಳಲ್ಲಿ 'ತಾಪಮಾನ' ಎಂಬ ಹೊಂದಾಣಿಕೆಯುಂಟು. ಅದನ್ನು ತಗ್ಗಿಸಿದರೆ ಬರೆವಣಿಗೆಯ ಏರಿಳಿತ ಕಡಿಮೆಯಾಗುತ್ತದೆಯೇ ಹೊರತು ನಿಜ ಸುಳ್ಳುಗಳ ವಿವೇಚನೆ ಬರುವುದಿಲ್ಲ.

ಅರ್ಜಿಗಳನ್ನು ಜರಡಿಹಿಡಿಯುವುದೂ ಯಂತ್ರವೇ ಆದಾಗ ಅದು ಹುಡುಕುವ ಪದಗಳನ್ನು ತುಂಬದೆ ಗತಿಯುಂಟೇ ಎಂದು ವಾಚಕರು ಕೇಳಬಹುದು. ಆ ಭಯ ಆಧಾರವಿಲ್ಲದ್ದಲ್ಲ. ನೇಮಕಾತಿಯಲ್ಲಿ ಅರ್ಜಿಗಳನ್ನು ಸೋಸುವ ಇಂಥ ವ್ಯವಸ್ಥೆಗಳನ್ನು ಯೂರೋಪಿನ ಒಕ್ಕೂಟವು ತನ್ನ 2024ರ ಕಾಯಿದೆಯಲ್ಲಿ ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಿದೆ. ಆದರೆ ಅದು ಕೆಲಸ ಕೊಡುವವರ ಕಡೆಯ ಲಗಾಮು. ನಮ್ಮ ಕಡೆಯದನ್ನು ನಾವೇ ಹಿಡಿಯಬೇಕು. ಮಾಡಿದ ಕೆಲಸಕ್ಕೆ ಜಾಹೀರಾತಿನ ಪದವು ಸರಿಯಾಗಿ ಒಪ್ಪಿದರೆ ಧಾರಾಳವಾಗಿ ಬಳಸೋಣ, ಒಪ್ಪದಿದ್ದರೆ ಬಿಡೋಣ. ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠೆಗೊಂಡ ಗೊಮ್ಮಟನ ಮೂರ್ತಿಯನ್ನು ಕಡೆದ ಶಿಲ್ಪಿಗಳು ಬೇಡದ ಕಲ್ಲನ್ನು ತೆಗೆದರು. ಇಲ್ಲದ ಕಲ್ಲನ್ನು ಸೇರಿಸಲು ಅವರಿಗೆ ಸಾಧ್ಯವಿರಲಿಲ್ಲ. ಬಯೋಡೇಟಾವನ್ನು ಹೊಂದಿಸುವುದೂ ಇಷ್ಟಕ್ಕೇ ನಿಲ್ಲಬೇಕು.

ಇಲ್ಲದ ಅನುಭವವನ್ನು ಬರೆದವನಿಗೆ ಕೆಲಸ ಸಿಕ್ಕಿದರೆ, ನಿಜವನ್ನು ಬರೆದ ಇನ್ನೊಬ್ಬನ ಸ್ಥಾನ ಹೋಯಿತೆಂದೇ ಅರ್ಥ. ಮೇಲೆ ಹೇಳಿದ ನಾಲ್ಕರಲ್ಲಿ ಮೂರನೆಯದೇ ಹೆಚ್ಚು ಬೆಲೆಯುಳ್ಳದ್ದೆಂದು ನಮ್ಮ ಅಭಿಪ್ರಾಯ. ನಮ್ಮಲ್ಲಿ ಏನಿಲ್ಲವೆಂದು ತಿಳಿದರೆ ಅದನ್ನು ಕಲಿಯಲು ದಾರಿಯಾಗುತ್ತದೆ. ಮುಂದಿನ ಅರ್ಜಿಯ ಹೊತ್ತಿಗೆ ಮೂಲಪಟ್ಟಿಗೆ ನಿಜವಾದ ಒಂದು ಸಾಲು ಸೇರುತ್ತದೆ.